ಹೊಟ್ಟೆ ಮೇಲೆ ಮೂತ್ರದ ಬ್ಯಾಗ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂತ್ರಕೋಶ ತೆಗೆಸಿಕೊಂಡು ಹೊಟ್ಟೆ ಮೇಲೆ ಬ್ಯಾಗ್ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಇರುವುದು ಗಂಗಾವತಿಯಲ್ಲಿ. ಕೊಪ್ಪಳ, ಸಿಂಧನೂರು, ಸಿರುಗುಪ್ಪ, ಮಾನ್ವಿ ಕಡೆಯಿಂದ ಫೋನ್ ಮಾಡಿ ಕೇಳುತ್ತಾರೆ. ಆಸ್ಪತ್ರೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳುವವರೂ ಇದ್ದಾರೆ, ಚೀಟಿ ಬರೆದು ಮಗನ ಕೈಲಿ ಕಳಿಸುವವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ, ಆಪರೇಷನ್ ವಿಷಯದಲ್ಲಿ ನಿಮ್ಮ ಯೂರಾಲಜಿ ಡಾಕ್ಟರ್ ಹೇಳಿದ್ದೇ ಕೊನೆ.

## ಮೊದಲ ದಿನಗಳು

ನಮ್ಮಪ್ಪಗ ಏನು ಮಾಡ್ಯಾರ್ರೀ? ಹೊಟ್ಟಿ ಮ್ಯಾಲೆ ಕೆಂಪಗ ಏನೋ ಐತಿ, ಅದರಾಗಿಂದ ಒಂದ ಸವನ ನೀರು ಬರತೈತಿ.

ಕಿಡ್ನಿಗಳು ಮೊದಲಿನ ಹಾಗೇ ಕೆಲಸ ಮಾಡುತ್ತಿವೆ. ಅವುಗಳಿಂದ ಮೂತ್ರ ಎರಡು ನಾಳಗಳಲ್ಲಿ ಇಳಿದು ಮೂತ್ರಕೋಶ ಸೇರುತ್ತಿತ್ತು. ಈಗ ಆ ಮೂತ್ರಕೋಶ ಇಲ್ಲ. ಹೆಚ್ಚಿನವರಿಗೆ ಅದನ್ನು ಕ್ಯಾನ್ಸರ್ ಕಾರಣಕ್ಕೆ ತೆಗೆದಿರುತ್ತಾರೆ. ಸಣ್ಣ ಕರುಳಿನ 15ರಿಂದ 20 ಸೆಂಟಿಮೀಟರ್ ತುಂಡು ಕತ್ತರಿಸಿ, ಅದರ ಒಂದು ಬಾಯಿ ಮುಚ್ಚಿ, ಆ ಕಡೆಗೆ ಎರಡೂ ನಾಳಗಳನ್ನು ಹೊಲಿಯುತ್ತಾರೆ. ಇನ್ನೊಂದು ಬಾಯಿಯನ್ನು ಹೊಟ್ಟೆಯಿಂದ ಹೊರಗೆ ತರುತ್ತಾರೆ, ಸಾಮಾನ್ಯವಾಗಿ ಹೊಕ್ಕಳಿನ ಬಲಗಡೆ, ಸ್ವಲ್ಪ ಕೆಳಗೆ. ಕೆಂಪಗೆ ಕಾಣುವುದು ಆ ಕರುಳಿನ ಬಾಯಿ. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಡಿಸ್ಚಾರ್ಜ್ ಕಾಗದದಲ್ಲಿ ‘ಇಲಿಯಲ್ ಕಾಂಡ್ಯೂಟ್’ ಅಂತ ಬರೆದಿರುತ್ತಾರೆ. ಬ್ರಿಕರ್ ಎಂಬ ಅಮೆರಿಕದ ಸರ್ಜನ್ 1950ರಲ್ಲಿ ಬಳಕೆಗೆ ತಂದ ವಿಧಾನ ಇದು, ಇವತ್ತಿಗೂ ಜಾಸ್ತಿ ಮಾಡುವುದು ಇದನ್ನೇ.

ಕರುಳಿನ ಈ ತುಂಡು ಮೂತ್ರವನ್ನು ಹಿಡಿದಿಡುವುದಿಲ್ಲ, ಹರಿಯಲು ದಾರಿ ಕೊಡುತ್ತದೆ ಅಷ್ಟೆ. ಅದಕ್ಕೇ ಒಂದೇ ಸಮ ಬರುತ್ತಿರುತ್ತದೆ. ಮಿಕ್ಕ ಕರುಳನ್ನು ಮತ್ತೆ ಜೋಡಿಸಿರುವುದರಿಂದ ಸಂಡಾಸಿಗೆ ಮೊದಲಿನಂತೆಯೇ ಹೋಗುತ್ತಾರೆ.

ಮುಟ್ಟಿದರೆ ನೋವಾಗುತ್ತಾ? ಒರೆಸುವಾಗ ರಕ್ತ ಕಂಡು ಹೆದರಿಕೆ ಆಯ್ತು.

ನೋವಾಗುವುದಿಲ್ಲ. ಸ್ಟೋಮಾಗೆ ನೋವು ತಿಳಿಸುವ ನರಗಳಿಲ್ಲ. ಇದರಲ್ಲಿ ಒಂದು ಅಪಾಯವೂ ಇದೆ: ಬೆಲ್ಟಿನ ಬಕಲ್ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ, ಕಣ್ಣಲ್ಲೇ ನೋಡಿಕೊಳ್ಳಬೇಕು. ಬಾಯೊಳಗಿನ ಕೆನ್ನೆಯ ಹಾಗೆ ಮೆತ್ತಗೆ, ಒದ್ದೆಯಾಗಿ, ಕೆಂಪಗೆ ಇರಬೇಕು. ಒರೆಸುವಾಗ ಬಟ್ಟೆಗೆ ನಾಲ್ಕು ಹನಿ ರಕ್ತ ಹತ್ತಿದರೆ ಒದ್ದೆ ಬಟ್ಟೆ ಮೆಲ್ಲಗೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಒತ್ತಿ ಹಿಡಿದರೂ ನಿಲ್ಲದಿದ್ದರೆ, ಅಥವಾ ರಕ್ತ ಒಳಗಿನಿಂದ ಮೂತ್ರದ ಜೊತೆ ಬರುತ್ತಿದ್ದರೆ ಆಸ್ಪತ್ರೆಗೆ ಹೋಗಿ.

ಎರಡು ತೆಳ್ಳನೆ ಪೈಪು ಹೊರಗೆ ಬಂದಿವೆ, ಬ್ಯಾಗಿನಲ್ಲಿ ಬಿಳಿ ಲೋಳೆ ಇದೆ. ಕೀವಾ ಅದು?

ಪೈಪುಗಳು ಸ್ಟೆಂಟ್. ನಾಳದ ಹೊಲಿಗೆ ವಾಸಿಯಾಗುವವರೆಗೆ ಇಟ್ಟಿರುತ್ತಾರೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತೆಗೆಯುತ್ತಾರೆ. ನೀವು ಎಳೆಯಬೇಡಿ. ಲೋಳೆ ಕೀವಲ್ಲ. ಕರುಳು ಲೋಳೆ ಬಿಡುವುದು ಅದರ ಗುಣ. ಮೂತ್ರ ಹಾಯಿಸಿದ ಮಾತ್ರಕ್ಕೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಮೊದಮೊದಲು ಜಾಸ್ತಿ ಇದ್ದು ಆಮೇಲೆ ಕಡಿಮೆಯಾಗುತ್ತದೆ. ನೀರು ಚೆನ್ನಾಗಿ ಕುಡಿದರೆ ತೆಳ್ಳಗಾಗಿ ಹೋಗುತ್ತದೆ.

ಇದು ಸಾಯೂತನಕ ಇರತೈತೇನು? ಮತ್ತ ಒಳಗ ಹಾಕಾಕ ಬರೂದಿಲ್ಲೇನು?

ಇರುತ್ತದೆ. ಮೂತ್ರಕೋಶವೇ ಇಲ್ಲದ ಮೇಲೆ ವಾಪಸ್ ಜೋಡಿಸಲು ಏನೂ ಉಳಿದಿಲ್ಲ. ‘ನಮ್ಮೂರಿನವರಿಗೆ ಮೂರು ತಿಂಗಳಿಗೆ ಬ್ಯಾಗ್ ತೆಗೆದರು’ ಅಂತ ಯಾರಾದರೂ ಹೇಳಿದರೆ, ಅದು ಬಹುತೇಕ ಮಲದ ಬ್ಯಾಗ್ ಆಗಿರುತ್ತದೆ. ಆ ಲೆಕ್ಕ ಬೇರೆ. ಕರುಳಿನಿಂದಲೇ ಒಳಗೆ ಹೊಸ ಮೂತ್ರಕೋಶ ಮಾಡುವ ಆಪರೇಷನ್ ಕೂಡ ಇದೆ. ಆದರೆ ಅದಕ್ಕೆ ಕಿಡ್ನಿ ಚೆನ್ನಾಗಿರಬೇಕು, ಮೂತ್ರ ಹೊರಗೆ ಬರುವ ದಾರಿಗೆ ರೋಗ ಹಬ್ಬಿರಬಾರದು, ಆಮೇಲಿನ ಶ್ರಮವೂ ಜಾಸ್ತಿ. ಇದನ್ನು ಆಪರೇಷನ್ನಿಗೆ ಮೊದಲೇ ಡಾಕ್ಟರ ಜೊತೆ ಮಾತಾಡಬೇಕು.

ಬ್ಯಾಗ್ ಯಾರು ಬದಲಿಸಬೇಕು? ನಮ್ಮನೇಲಿ ಅಮ್ಮನೇ ಮಾಡ್ತಾಳೆ, ಅಪ್ಪ ಕಣ್ಣು ಮುಚ್ಕೊಂಡು ಮಲಗಿರ್ತಾರೆ.

ಅಪ್ಪನೇ ಮಾಡಬೇಕು. ಈ ಒಂದು ಮಾತಿಗೆ ನನ್ನ ಜೊತೆ ಜಗಳ ಆಡಿದವರಿದ್ದಾರೆ, ಆದರೂ ಹೇಳುತ್ತೇನೆ. ಕೈ ನಡುಕ ಇದ್ದವರು, ಕಣ್ಣು ಮಂಜಾದವರು, ತೀರಾ ವಯಸ್ಸಾದವರ ಮಾತು ಬೇರೆ. ಮಿಕ್ಕವರು ತಮ್ಮ ಬ್ಯಾಗ್ ತಾವೇ ಬದಲಿಸಲು ಕಲಿಯಬೇಕು, ಅದೂ ಆಸ್ಪತ್ರೆಯಲ್ಲಿ ಇರುವಾಗಲೇ. ನಮ್ಮ ಕಡೆ ಗಂಡಸರು ಇದನ್ನು ಹೆಂಡತಿಯ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ಆಕೆ ತವರಿಗೆ ಹೋಗುವ ಹಾಗಿಲ್ಲ, ಇವರು ಮದುವೆಗೆ ಹೋಗುವ ಹಾಗಿಲ್ಲ. ಸೋರಿದರೆ ಆಕೆ ಬರುವ ತನಕ ಒದ್ದೆ ಲುಂಗಿಯಲ್ಲಿ ಕೂತಿರಬೇಕು.

ಮೊದಲ ವಾರ ಸುಮ್ನೆ ನೋಡಲಿ. ಆಮೇಲೆ ಕನ್ನಡಿ ಹಿಡಿಯಲಿ, ಕತ್ತರಿಸಿ ಕೊಡಲಿ. ತಿಂಗಳೊಳಗೆ ಪೂರ್ತಿ ಅವರ ಕೈಗೇ ಬರಲಿ. ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು, ಜ್ವರ ಬಂದು ಮಲಗಿದ ದಿನಕ್ಕೆ.

## ಬ್ಯಾಗಿನ ಕೆಲಸ

ಯಾವ ಬ್ಯಾಗ್ ತರಬೇಕು? ಮೆಡಿಕಲ್ ಶಾಪಿನವರು ಎಲ್ಲಾ ಒಂದೇ ಅಂತಾರೆ.

ಒಂದೇ ಅಲ್ಲ. ನನಗೂ ಒಂದು ಅಂಗಡಿಯಲ್ಲಿ ಮಲದ ಬ್ಯಾಗ್ ಕೊಟ್ಟು ‘ನಡೀತದೆ’ ಅಂದಿದ್ದರು. ನಡೆಯುವುದಿಲ್ಲ. ಅದರ ಕೆಳಬಾಯಿ ಅಗಲ, ಮಡಚಿ ಕ್ಲಿಪ್ ಹಾಕುವಂಥದ್ದು. ಮೂತ್ರದ ಬ್ಯಾಗಿಗೆ ಕೆಳಗೆ ಸಣ್ಣ ನಳ ಇರುತ್ತದೆ. ಒಳಗೆ, ಇಳಿದ ಮೂತ್ರ ಮತ್ತೆ ಸ್ಟೋಮಾ ಕಡೆ ಹೋಗದಂತೆ ತಡೆಯುವ ಪದರ ಇರುತ್ತದೆ. ‘ಯೂರೋಸ್ಟಮಿ ಬ್ಯಾಗ್’ ಅಂತ ಹೇಳಿಯೇ ಕೇಳಿ, ಬಿಲ್ ಮಾಡಿಸುವ ಮೊದಲು ನಳ ಇದೆಯಾ ನೋಡಿ.

ಒನ್ ಪೀಸ್ ಅಂದರೆ ಅಂಟುವ ಬಿಲ್ಲೆ ಮತ್ತು ಚೀಲ ಒಟ್ಟಿಗೇ ಇರುತ್ತವೆ. ತೆಳ್ಳಗಿರುತ್ತದೆ, ಬಟ್ಟೆ ಮೇಲೆ ಎದ್ದು ಕಾಣುವುದಿಲ್ಲ. ಟೂ ಪೀಸ್‌ನಲ್ಲಿ ಬಿಲ್ಲೆ ಹೊಟ್ಟೆ ಮೇಲೇ ಇರುತ್ತದೆ, ಚೀಲ ಮಾತ್ರ ತೆಗೆದು ಹಾಕಬಹುದು. ಹೊಸಬರಿಗೆ ಟೂ ಪೀಸ್ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಕೋಲೋಪ್ಲಾಸ್ಟ್, ಕಾನ್ವಾಟೆಕ್, ಹಾಲಿಸ್ಟರ್ ಕಂಪನಿಗಳವು ನಮ್ಮ ದೇಶದಲ್ಲಿ ಸಿಗುತ್ತವೆ. ಯಾವುದು ಒಳ್ಳೆಯದು ಅಂದರೆ, ನಿಮ್ಮ ಹೊಟ್ಟೆಗೆ ಯಾವುದು ಕೂರುತ್ತದೋ ಅದು. ಒಂದು ಕಂಪನಿಯ ಬಿಲ್ಲೆಗೆ ಇನ್ನೊಂದರ ಚೀಲ ಕೂರುವುದಿಲ್ಲ, ನೆನಪಿರಲಿ. ಸಣ್ಣ ಊರಲ್ಲಿ ಅಂಗಡಿಯವರು ತರಿಸಿಕೊಡಲು ದಿನ ಹಿಡಿಯುತ್ತದೆ. ಎರಡು ವಾರಕ್ಕಾಗುವಷ್ಟು ಮನೆಯಲ್ಲಿ ಉಳಿದಾಗಲೇ ಹೇಳಿಬಿಡಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ನೀವು ಹೇಗೆ ಮಾಡ್ತೀರಿ, ಬಿಡಿಸಿ ಹೇಳಿ.

ಸಾಮಾನ್ಯವಾಗಿ ಮೂರ್ನಾಲ್ಕು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಇಳಿಯಬಹುದು. ಸೋರುವ ತನಕ ಕಾಯಬೇಡಿ, ಬದಲಿಸುವ ದಿನ ಗೊತ್ತು ಮಾಡಿಕೊಳ್ಳಿ.

ಹೊತ್ತು: ಬೆಳಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು. ರಾತ್ರಿಯಿಡೀ ಏನೂ ಕುಡಿಯದ್ದರಿಂದ ಆಗ ಮೂತ್ರ ನಿಧಾನಕ್ಕೆ ಬರುತ್ತದೆ.

ನಾನು ಮೊದಲು ಒಂದು ಸ್ಟೀಲ್ ತಟ್ಟೆಯಲ್ಲಿ ಎಲ್ಲಾ ಇಟ್ಟುಕೊಳ್ಳುತ್ತೇನೆ: ಹೊಸ ಬ್ಯಾಗ್, ಒಗೆದು ಒಣಗಿಸಿದ ಹಳೆ ಧೋತರದ ತುಂಡುಗಳು, ಒಂದು ಲೋಟ ಉಗುರುಬೆಚ್ಚನೆ ನೀರು, ಬಾಗಿದ ತುದಿಯ ಸಣ್ಣ ಕತ್ತರಿ, ಹಳೆಯದನ್ನು ಹಾಕಲು ಪ್ಲಾಸ್ಟಿಕ್ ಕವರ್. ಬಿಲ್ಲೆಯ ತೂತು ಮೊದಲೇ ಕತ್ತರಿಸಿಡುತ್ತೇನೆ, ಸ್ಟೋಮಾಗಿಂತ ಸುತ್ತಲೂ 2ರಿಂದ 3 ಮಿಲಿಮೀಟರ್ ದೊಡ್ಡದು. ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿ, ಚೂಪು ಇದ್ದರೆ ನುಣುಪು ಮಾಡುತ್ತೇನೆ. ಹಳೆ ಬ್ಯಾಗ್ ಖಾಲಿ ಮಾಡಿ ಕನ್ನಡಿ ಮುಂದೆ ನಿಲ್ಲುತ್ತೇನೆ. ಮೇಲಿನ ಅಂಚಿನಿಂದ ಬಿಡಿಸಬೇಕು. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಬಿಲ್ಲೆಯನ್ನು ಮೆಲ್ಲಗೆ ಸುರುಳಿ ಬಿಡಿಸಿ. ಸಟಕ್ಕನೆ ಎಳೆದರೆ ಚರ್ಮ ಕಿತ್ತು ಬರುತ್ತದೆ.

ಬಿಚ್ಚಿದ ಕೂಡಲೇ ಬಟ್ಟೆಯನ್ನು ಬತ್ತಿ ಥರ ಸುತ್ತಿ ಸ್ಟೋಮಾದ ಬಾಯಿಗೆ ಇಡಿ. ತೊಟ್ಟಿಕ್ಕುವುದನ್ನು ಅದು ಹೀರಿಕೊಳ್ಳುತ್ತದೆ. ಚರ್ಮವನ್ನು ಬರೀ ನೀರಿನಲ್ಲಿ ಒರೆಸಿ, ಒಣ ಬಟ್ಟೆಯಿಂದ ಒತ್ತಿ, ಫ್ಯಾನಿನ ಕೆಳಗೆ ಒಂದೆರಡು ನಿಮಿಷ ನಿಲ್ಲಿ. ಬೆರಳಿನ ಹಿಂಭಾಗ ಮುಟ್ಟಿಸಿ ನೋಡಿ, ಸ್ವಲ್ಪವೂ ಜಿಗುಟು, ತಂಪು ಇರಬಾರದು. ಈಗ ಬತ್ತಿ ತೆಗೆದು, ಬಿಲ್ಲೆಯನ್ನು ಕೆಳಗಿನಿಂದ ಮೇಲಕ್ಕೆ ಅಂಟಿಸಿ. ಸ್ಟೋಮಾದ ಪಕ್ಕದಿಂದ ಶುರು ಮಾಡಿ ಹೊರಗೆ ಒತ್ತುತ್ತಾ ಬನ್ನಿ. ಆಮೇಲೆ ಅಂಗೈಯನ್ನು ಅದರ ಮೇಲಿಟ್ಟು ಎರಡು ನಿಮಿಷ ಸುಮ್ನೆ ಕೂತಿರಿ. ಮೈ ಬಿಸಿಗೆ ಅಂಟು ಹಿಡಿಯುತ್ತದೆ. ಈ ಎರಡು ನಿಮಿಷಕ್ಕೆ ಅವಸರ ಮಾಡುವವರೇ ಜಾಸ್ತಿ ಸೋರಿಸಿಕೊಳ್ಳುವುದು. ಕೊನೆಗೆ ನಳ ಮುಚ್ಚಿದೆಯಾ ನೋಡಿ. ನಗಬೇಡಿ, ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ.

ಹಳೆಯದನ್ನು ಕಾಗದದಲ್ಲಿ ಸುತ್ತಿ ಕವರಿಗೆ ಹಾಕಿ ಕಸದ ಗಾಡಿಗೆ ಕೊಡಿ. ಸಂಡಾಸಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ತಿಪ್ಪೆಯಲ್ಲಿ ಸುಡುವುದೂ ಬೇಡ.

ಎಷ್ಟು ತುಂಬಿದಾಗ ಖಾಲಿ ಮಾಡಬೇಕು?

ಮೂರನೇ ಒಂದು ಭಾಗದಿಂದ ಅರ್ಧದೊಳಗೆ. ಅದಕ್ಕಿಂತ ತುಂಬಿದರೆ ಭಾರಕ್ಕೆ ಅಂಟು ಬಿಡುತ್ತದೆ. ಕುಕ್ಕರುಗಾಲಲ್ಲಿ ಕೂರುವ ಮೊದಲು, ಮೋಟರ್ ಸೈಕಲ್ ಹತ್ತುವ ಮೊದಲು ಖಾಲಿ ಮಾಡಿಬಿಡಿ. ತೊಡೆ ಒತ್ತಿದರೆ ಒಳಗಿನದು ಮೇಲಕ್ಕೇ ನುಗ್ಗುತ್ತದೆ.

ರಾತ್ರಿ ಎದ್ದೆದ್ದು ಸಾಕಾಗಿದೆ. ನೈಟ್ ಬ್ಯಾಗ್ ಕೊಟ್ಟಿದ್ದಾರೆ, ಆದ್ರೆ ನಾವು ನೆಲದ ಮೇಲೆ ಚಾಪೆ ಹಾಸಿ ಮಲಗೋರು.

ನೈಟ್ ಬ್ಯಾಗ್ 2 ಲೀಟರ್ ಹಿಡಿಯುತ್ತದೆ. ಹೊಟ್ಟೆಯ ಬ್ಯಾಗಿನ ನಳಕ್ಕೆ ಅದರ ಪೈಪು ಸಿಕ್ಕಿಸಿ ಮಲಗಿದರೆ ಬೆಳಗಿನ ತನಕ ಏಳಬೇಕಾಗಿಲ್ಲ. ಆದರೆ ಮೂತ್ರ ಇಳಿಜಾರಿಗೇ ಹೋಗಬೇಕು. ಚಾಪೆ ಮೇಲೆ ಮಲಗಿದರೆ ಇಳಿಜಾರು ಎಲ್ಲಿಂದ ಬರಬೇಕು? ಮೂತ್ರ ಹೊಟ್ಟೆಯ ಬ್ಯಾಗಿನಲ್ಲೇ ನಿಂತು, ನಡುರಾತ್ರಿ ಕೌದಿ ಒದ್ದೆಯಾಗುತ್ತದೆ. ಹೊರಸು ಅಥವಾ ಮಂಚಕ್ಕೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು. ಆಗುವುದಿಲ್ಲ ಅಂದರೆ ಎರಡು ಮೂರು ಗಾದಿ ಒಂದರ ಮೇಲೊಂದು ಹಾಕಿ, ನೈಟ್ ಬ್ಯಾಗನ್ನು ನೆಲದಲ್ಲಿ ಒಂದು ಬುಟ್ಟಿಯೊಳಗೆ ಮಲಗಿಸಿಡಿ.

ಪೈಪು ಸಿಕ್ಕಿಸುವ ಮೊದಲು ಹೊಟ್ಟೆಯ ಬ್ಯಾಗಿನಲ್ಲಿ ಸ್ವಲ್ಪ ಮೂತ್ರ ಉಳಿಸಿಕೊಳ್ಳಿ. ಪೂರ್ತಿ ಖಾಲಿ ಇದ್ದರೆ ಗಾಳಿ ಹಿಡಿದು ಮೂತ್ರ ಇಳಿಯುವುದಿಲ್ಲ. ಪೈಪನ್ನು ಪೈಜಾಮದ ಕಾಲಿನೊಳಗಿಂದ ತಂದರೆ ಹೊರಳಿದಾಗ ತಿರುಚುವುದಿಲ್ಲ. ಬೆಳಗ್ಗೆ ಚೀಲ ಖಾಲಿ ಮಾಡಿ, ಒಂದು ಪಾಲು ಬಿಳಿ ವಿನೆಗರಿಗೆ ಮೂರು ಪಾಲು ನೀರು ಬೆರೆಸಿ ತೊಳೆದು, ನೆರಳಲ್ಲಿ ತೂಗುಹಾಕಿ.

ಖರ್ಚು ತಡೆಯಾಕ ಆಗವಲ್ದು. ಒಂದ ಬ್ಯಾಗ್ ಮತ್ತ ಮತ್ತ ಹಾಕಬೌದಾ? ಸರ್ಕಾರದಿಂದ ಏನರ ಸಿಗತೈತಾ?

ಒಂದು ಬ್ಯಾಗಿಗೆ ಕೆಲವು ನೂರು ರೂಪಾಯಿ. ಕೂಲಿ ಮನೆಗೆ ಅದು ಸಣ್ಣದಲ್ಲ, ಗೊತ್ತು. ಕಿತ್ತ ಬಿಲ್ಲೆ ಮತ್ತೆ ಅಂಟುವುದಿಲ್ಲ. ಪ್ಲಾಸ್ಟರ್ ಹಚ್ಚಿ ನಿಲ್ಲಿಸಿದರೆ ಒಳಗೇ ಸೋರಿ ಚರ್ಮ ಸುಡುತ್ತದೆ, ಆ ಮುಲಾಮಿನ ಖರ್ಚು ಬ್ಯಾಗಿಗಿಂತ ಜಾಸ್ತಿ. ಟೂ ಪೀಸ್‌ನ ಚೀಲವನ್ನು ನೀರಲ್ಲಿ ಜಾಲಿಸಿ ಕೆಲವು ಸಲ ಬಳಸುವವರಿದ್ದಾರೆ. ಉಳಿತಾಯ ಮಾಡುವುದಿದ್ದರೆ ಅಲ್ಲಿ ಮಾಡಿ, ಬಿಲ್ಲೆಯಲ್ಲಿ ಬೇಡ.

ಆಪರೇಷನ್ ಖರ್ಚಿಗೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಒಳಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ಆಸ್ಪತ್ರೆ, ಇಲ್ಲೆಲ್ಲಾ ಈ ಯೋಜನೆಯ ಸಹಾಯಕ್ಕೆ ಅಂತಲೇ ಇರುವ ಆರೋಗ್ಯ ಮಿತ್ರರನ್ನು ಕೇಳಿ. ಮನೆಗೆ ಬಂದ ಮೇಲಿನ ಬ್ಯಾಗಿನ ವಿಷಯವನ್ನೂ ಡಿಸ್ಚಾರ್ಜಿಗೆ ಮುಂಚೆಯೇ ಅವರ ಹತ್ತಿರ ಎತ್ತಿ.

## ಸೋರಿಕೆ, ಚರ್ಮ, ವಾಸನೆ

ಹಚ್ಚಿದ ಬ್ಯಾಗ್ ಒಂದೇ ದಿನಕ್ಕ ಬಿಟ್ಟು ಹೋಗ್ತದ. ಕಂಪನಿ ಬದಲಿಸಬೇಕಾ?

ಕಂಪನಿ ಆಮೇಲೆ. ಮೊದಲು ತೂತಿನ ಅಳತೆ ನೋಡಿ. ಆಪರೇಷನ್ ಆದಾಗ ಸ್ಟೋಮಾ ಊದಿಕೊಂಡಿರುತ್ತದೆ, ಆರರಿಂದ ಎಂಟು ವಾರದಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯನ್ನೇ ಆರು ತಿಂಗಳು ಕತ್ತರಿಸುತ್ತಾ ಬಂದವರನ್ನು ನೋಡಿದ್ದೇನೆ. ತೂತು ದೊಡ್ಡದಾಗಿ, ಚರ್ಮ ಮೂತ್ರದಲ್ಲಿ ನೆನೆದು, ಅಂಟು ಬಿಡುತ್ತದೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಳೆಯಿರಿ.

ಅಳತೆ ಸರಿ ಇದ್ದರೆ ಕಿತ್ತ ಬಿಲ್ಲೆಯನ್ನು ತಿರುಗಿಸಿ ನೋಡಿ. ಎಲ್ಲಿ ಕರಗಿ ಬೆಳ್ಳಗಾಗಿದೆಯೋ ಅಲ್ಲಿಂದಲೇ ಸೋರಿದೆ. ಯಾವಾಗಲೂ ಒಂದೇ ಕಡೆ ಕರಗುತ್ತಿದ್ದರೆ ಆ ಜಾಗದಲ್ಲಿ ಹೊಟ್ಟೆಯ ಮಡಿಕೆ ಅಥವಾ ಗುಳಿ ಇರುತ್ತದೆ. ಕೂತಾಗ ಮಾತ್ರ ಅದು ಕಾಣುತ್ತದೆ, ಅದಕ್ಕೇ ಕನ್ನಡಿಯಲ್ಲಿ ಕೂತು ನೋಡಿ. ಅಲ್ಲಿಗೆ ಮೆತ್ತನೆಯ ಸೀಲ್ ರಿಂಗ್ ಹಾಕಿದರೆ ಗುಳಿ ತುಂಬುತ್ತದೆ. ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದರೆ ಅಥವಾ ಒಳಗೆ ಹೋಗಿದ್ದರೆ ‘ಕಾನ್ವೆಕ್ಸ್’ ಅನ್ನುವ ಉಬ್ಬು ಬಿಲ್ಲೆ ಮತ್ತು ಬೆಲ್ಟ್ ಬೇಕಾಗುತ್ತದೆ. ಅದನ್ನು ಡಾಕ್ಟರ್ ಅಥವಾ ಸ್ಟೋಮಾ ನರ್ಸ್ ನೋಡಿ ಹೇಳಬೇಕು. ಕೂದಲಿದ್ದರೂ ಅಂಟುವುದಿಲ್ಲ, ಕತ್ತರಿಯಲ್ಲಿ ಗಿಡ್ಡ ಮಾಡಿಕೊಳ್ಳಿ.

ಸುತ್ತ ಚರ್ಮ ಕೆಂಪಾಗಿ ಉರೀತಿದೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಬೇಡ. ಎಣ್ಣೆ ಇದ್ದಲ್ಲಿ ಬಿಲ್ಲೆ ನಿಲ್ಲುವುದಿಲ್ಲ, ಸೋರಿದರೆ ಉರಿ ಇನ್ನೂ ಜಾಸ್ತಿ. ಟಾಲ್ಕಂ ಪೌಡರ್, ಡೆಟಾಲ್, ಸ್ಪಿರಿಟ್ ಕೂಡ ಬೇಡ. ಯುಗಾದಿ, ದೀಪಾವಳಿಗೆ ಎಣ್ಣೆ ಸ್ನಾನ ಮಾಡುವವರು ಹೊಟ್ಟೆಯೊಂದನ್ನು ಬಿಟ್ಟು ಹಚ್ಚಿಕೊಳ್ಳಿ. ಕೆಂಪಾಗಲು ಮುಖ್ಯ ಕಾರಣ ಮೂತ್ರ ತಾಗುವುದು. ಸೋರಿಕೆ ನಿಂತರೆ ಚರ್ಮ ತಾನೇ ಸರಿಯಾಗುತ್ತದೆ. ಚರ್ಮ ಒದ್ದೆಯಾಗಿ ರಸ ಬರುತ್ತಿದ್ದರೆ ಸ್ಟೋಮಾ ಪೌಡರ್ ಅಂತಲೇ ಸಿಗುತ್ತದೆ, ತೆಳ್ಳಗೆ ಉದುರಿಸಿ ಮಿಕ್ಕಿದ್ದನ್ನು ಕೊಡವಿ. ಸಣ್ಣ ಸಣ್ಣ ಗುಳ್ಳೆ ಎದ್ದು ತುರಿಕೆ ಇದ್ದರೆ ಅದು ಫಂಗಸ್ ಇರಬಹುದು, ಬೆವರಿನ ಕಾಲದಲ್ಲಿ ಬರುವುದು ಸಹಜ. ಡಾಕ್ಟರಿಗೆ ತೋರಿಸಿ.

ಸ್ಟೋಮಾ ಸುತ್ತ ಬಿಳೇ ಉಸುಕು ಕೂತಂಗ ಆಗೈತಿ, ಚುಚ್ಚತೈತಿ.

ಮೂತ್ರದ ಉಪ್ಪು ಹರಳುಗಟ್ಟಿದೆ. ಮೂತ್ರ ಕ್ಷಾರವಾದಾಗ, ತೂತು ದೊಡ್ಡದಾಗಿ ಚರ್ಮ ಸದಾ ಒದ್ದೆ ಇದ್ದಾಗ ಹೀಗಾಗುತ್ತದೆ. ಉಗುರಿನಿಂದ ಕೆರೆಯಬೇಡಿ. ಬ್ಯಾಗ್ ಬದಲಿಸುವಾಗ, ಒಂದಕ್ಕೆ ಮೂರರಷ್ಟು ನೀರು ಬೆರೆಸಿದ ಬಿಳಿ ವಿನೆಗರಲ್ಲಿ ಬಟ್ಟೆ ಅದ್ದಿ ಕೆಲವು ನಿಮಿಷ ಇಟ್ಟು, ಆಮೇಲೆ ನೀರಲ್ಲಿ ಒರೆಸಿ ಒಣಗಿಸಿ. ಗಾಯ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ‘ಹುಳಿ ಬೇಕು ಅಂದ್ರಲ್ಲ’ ಅಂತ ಲೋಟಗಟ್ಟಲೆ ನಿಂಬೆ ಪಾನಕ ಕುಡಿಯುವವರಿದ್ದಾರೆ. ನಿಂಬೆ ಬಾಯಿಗೆ ಹುಳಿ, ಆದರೆ ಮೈಯೊಳಗೆ ಹೋದ ಮೇಲೆ ಮೂತ್ರವನ್ನು ಕ್ಷಾರದ ಕಡೆಗೇ ತಳ್ಳುತ್ತದೆ. ಬಾಯಾರಿಕೆಗೆ ಕುಡಿಯಿರಿ, ಹರಳಿಗೆ ಮದ್ದು ಅಂತ ಬೇಡ.

ಪಕ್ಕದಲ್ಲಿ ಕೂತವರಿಗೆ ವಾಸನೆ ಬರುತ್ತಾ?

ಬ್ಯಾಗ್ ಸರಿಯಾಗಿ ಅಂಟಿದ್ದರೆ ಬರುವುದಿಲ್ಲ. ಬರುತ್ತಿದೆ ಅಂದರೆ ಎಲ್ಲೋ ಸೋರಿದೆ, ಅಥವಾ ಖಾಲಿ ಮಾಡಿದ ಮೇಲೆ ನಳದ ತುದಿ ಒರೆಸಿಲ್ಲ. ಖಾಲಿ ಮಾಡುವಾಗ ವಾಸನೆ ಬರುವುದು ಎಲ್ಲರ ಮೂತ್ರಕ್ಕೂ ಇದ್ದದ್ದೇ. ಮೆಂತ್ಯ, ಬೆಳ್ಳುಳ್ಳಿ, ಮೀನು ತಿಂದ ದಿನ ಸ್ವಲ್ಪ ಜಾಸ್ತಿ.

## ನೀರು, ಬಿಸಿಲು, ಊಟ

ನೀರು ಕಡಿಮೆ ಕುಡಿದ್ರೆ ಬ್ಯಾಗ್ ಬೇಗ ತುಂಬಲ್ಲ ಅಲ್ವಾ?

ಬಸ್ಸು ಹತ್ತುವವರು, ಮದುವೆಗೆ ಹೋಗುವವರು, ಮುಖ್ಯವಾಗಿ ಹೆಣ್ಣುಮಕ್ಕಳು ಹೀಗೆ ಮಾಡುತ್ತಾರೆ. ಮಾಡಬೇಡಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಇನ್ಫೆಕ್ಷನ್, ಕಲ್ಲು, ಲೋಳೆ ಕಟ್ಟಿಕೊಳ್ಳುವುದು ಎಲ್ಲಾ ಬರುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಬೇಕು. ಹೊಲದಲ್ಲಿ ಬೆವರು ಸುರಿಸುವವರಿಗೆ ಇನ್ನೂ ಜಾಸ್ತಿ. ಬ್ಯಾಗಿನಲ್ಲಿ ಬರುವ ಬಣ್ಣ ತಿಳಿ ಹಳದಿ ಇರುವಷ್ಟು ಕುಡಿಯಿರಿ. ಹೃದಯ, ಕಿಡ್ನಿ ತೊಂದರೆ ಇದ್ದು ನೀರಿಗೆ ಲೆಕ್ಕ ಹಾಕಿಕೊಟ್ಟಿದ್ದರೆ ಆ ಲೆಕ್ಕವೇ ನಿಮಗೆ.

ರಾಯಚೂರು ಬಿಸಿಲಾಗ ಬ್ಯಾಗ್ ನಿಲ್ಲಂಗೇ ಇಲ್ಲ. ನೀವು ಏನ್ ಮಾಡ್ತೀರಿ?

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಅಂಟು ಮೆತ್ತಗಾಗುತ್ತದೆ, ಕೆಳಗೆ ಬೆವರು ಸೇರುತ್ತದೆ. ಯಾವ ಕಂಪನಿಯದೂ ಇದಕ್ಕೆ ಹೊರತಲ್ಲ. ಎರಡು ದಿನಕ್ಕೊಮ್ಮೆ ಬದಲಿಸುವ ಲೆಕ್ಕ ಹಿಡಿದೇ ಬೇಸಿಗೆಗೆ ಬ್ಯಾಗ್ ತರಿಸಿಟ್ಟುಕೊಳ್ಳಿ. ಪ್ಲಾಸ್ಟಿಕ್ ಚೀಲ ಚರ್ಮಕ್ಕೆ ತಾಗಿ ಬೆವರುವುದನ್ನು ತಪ್ಪಿಸಲು ಹಳೆ ಕಾಟನ್ ಸೀರೆಯಿಂದ ಒಂದು ಗವಸು ಹೊಲಿಸಿ ಹಾಕಿ. ನನ್ನ ಹೆಂಡತಿ ಹೊಲಿದುಕೊಟ್ಟ ಗವಸಿಗೆ ಕೆಳಗೆ ನಳ ಹೊರಬರಲು ಗುಂಡಿಮನೆಯಷ್ಟು ಸೀಳು ಇದೆ. ಅಂಗಡಿಯಲ್ಲಿ ಸಿಗುವುದಕ್ಕಿಂತ ಅದೇ ತಂಪು.

ಹೊಸ ಬ್ಯಾಗಿನ ಡಬ್ಬಿಯನ್ನು ತಗಡಿನ ಕೆಳಗೆ, ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಅಂಟು ಅಲ್ಲೇ ಹಾಳಾಗುತ್ತದೆ. ಫ್ರಿಜ್ಜಿನಲ್ಲಿಯೂ ಬೇಡ. ಮನೆಯ ನಡುಕೋಣೆಯಲ್ಲಿ, ನೆಲದ ಹತ್ತಿರದ ಗೂಡು ಸಾಕು.

ಊಟದಾಗ ಪಥ್ಯ ಏನು?

ದೊಡ್ಡ ಪಥ್ಯ ಏನಿಲ್ಲ. ಮೊದಲ ಕೆಲವು ವಾರ ಕರುಳಿನ ಹೊಲಿಗೆ ಹಸಿ ಇರುವುದರಿಂದ ಮೆತ್ತಗಿನ ಊಟ. ಆಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಒಗ್ಗರಣಿ–ಮಿರ್ಚಿ ಎಲ್ಲಾ ಆಗುತ್ತದೆ. ಬೀಟ್ರೂಟ್ ತಿಂದು ಬ್ಯಾಗ್ ಕೆಂಪಾದರೆ ಹೆದರಬೇಡಿ. ಬಿ ಕಾಂಪ್ಲೆಕ್ಸ್ ಗುಳಿಗೆಗೆ ಕಡು ಹಳದಿ ಬರುತ್ತದೆ. ಬೀಡಿ, ಸಿಗರೇಟ್ ಮಾತ್ರ ಬಿಡಲೇಬೇಕು. ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ.

## ಕೆಲಸ, ಊರು, ದೇವರು, ಸಂಸಾರ

ನಾನು ಹಮಾಲಿ. ಮತ್ತ ಚೀಲ ಹೊರಬೌದಾ?

ಬೇಸರದ ಉತ್ತರ ಇದು: ಎಪಿಎಂಸಿಯಲ್ಲಿ ಭತ್ತದ ಚೀಲ ಹೊರುವ ಕೆಲಸ ಬಿಡಬೇಕಾಗುತ್ತದೆ. ಸ್ಟೋಮಾ ಹೊರಬರಲು ಹೊಟ್ಟೆಯ ಸ್ನಾಯುವಿನಲ್ಲಿ ತೂತು ಮಾಡಿರುತ್ತಾರೆ. ಭಾರ ಎತ್ತಿದಾಗ ಆ ತೂತು ಅಗಲವಾಗಿ ಕರುಳು ಪಕ್ಕಕ್ಕೆ ಉಬ್ಬುತ್ತದೆ. ಅದು ಹರ್ನಿಯಾ. ಮೊದಲ ಮೂರು ತಿಂಗಳು ತುಂಬಿದ ಕೊಡವನ್ನೂ ಎತ್ತಬೇಡಿ. ಆಮೇಲೆ ಡಾಕ್ಟರನ್ನು ಕೇಳಿ, ಸಪೋರ್ಟ್ ಬೆಲ್ಟ್ ಹಾಕಿ, ಹಗುರ ಕೆಲಸ ಮಾಡಬಹುದು. ಸಸಿ ನಾಟುವುದು, ಕಳೆ ಕೀಳುವುದು, ಹತ್ತಿ ಬಿಡಿಸುವುದು, ತೂಕ ಬರೆಯುವುದು, ಅಂಗಡಿ, ಮೇಷ್ಟರ ಕೆಲಸ, ಗಾಡಿ ಓಡಿಸುವುದು ಎಲ್ಲಾ ಮಾಡುತ್ತಿರುವವರಿದ್ದಾರೆ. ಆಗಲೇ ಪಕ್ಕದಲ್ಲಿ ಉಬ್ಬು ಕಂಡಿದ್ದರೆ, ಮಲಗಿದಾಗ ಅದು ಒಳಗೆ ಹೋಗುತ್ತದಾ ನೋಡಿ, ಡಾಕ್ಟರಿಗೆ ತೋರಿಸಿ. ನೋವು, ವಾಂತಿ ಜೊತೆಗಿದ್ದರೆ ತಡ ಮಾಡಬೇಡಿ.

ಸೀರೆ, ಜೀನ್ಸ್, ಲುಂಗಿ ಹೇಗೆ ಕಟ್ಟೋದು?

ಲಂಗದ ಲಾಡಿ ಸ್ಟೋಮಾದ ಮೇಲೆ ಬರಬಾರದು, ಅದಕ್ಕಿಂತ ಮೇಲೆ ಅಥವಾ ಕೆಳಗೆ ಕಟ್ಟಿ. ಲುಂಗಿಯ ಗಂಟು ಎಡಗಡೆಗೆ. ಬಳ್ಳಾರಿ ಜೀನ್ಸ್ ಬಿಡಲಾಗದ ಹುಡುಗರು ಸೊಂಟ ಎತ್ತರ ಇರುವುದನ್ನು ಒಂದು ಸೈಜ್ ದೊಡ್ಡದು ಕೊಳ್ಳಲಿ. ಆಪರೇಷನ್ನಿಗೆ ಮೊದಲೇ, ನೀವು ದಿನವೂ ಬಟ್ಟೆ ಕಟ್ಟುವ ಜಾಗ ತೋರಿಸಿ ಸ್ಟೋಮಾದ ಗುರುತು ಹಾಕಿಸಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಬೆಂಗಳೂರಿಗೆ ಚೆಕಪ್‌ಗೆ ಹೋಗ್ಬೇಕು. ದಾರೀಲಿ ಸೋರಿದ್ರೆ?

ಕೈಚೀಲದಲ್ಲಿ ಕತ್ತರಿಸಿಟ್ಟ ಎರಡು ಬ್ಯಾಗ್, ಬಟ್ಟೆ ತುಂಡು, ನೀರಿನ ಬಾಟ್ಲಿ, ಕವರ್, ಒಂದು ಜೊತೆ ಒಳ ಉಡುಪು ಇರಲಿ. ಅದು ನಿಮ್ಮ ತೊಡೆ ಮೇಲಿರಬೇಕು, ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಅಲ್ಲ. ರಾತ್ರಿ ಪ್ರಯಾಣಕ್ಕೆ ನನಗೆ ರೈಲೇ ವಾಸಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತ್ ಸಿಕ್ಕಿದರೆ ನೈಟ್ ಬ್ಯಾಗನ್ನು ಸೀಟಿನ ಕೆಳಗೆ ಇಟ್ಟು ಆರಾಮಾಗಿ ಮಲಗಬಹುದು. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ, ತಪಾಸಣೆಗೆ ಹೋಗಿಬರಲು ಸ್ಲೀಪರ್ ಮತ್ತು 3 ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರುವವರಿಗೆ ಶೇ. 75 ರಿಯಾಯಿತಿ. ರೈಲ್ವೆಯ ಫಾರಂಗೆ ಆಸ್ಪತ್ರೆಯ ಸಹಿ, ಮೊಹರು ಬೇಕು. ಸ್ಟೋಮಾ ಇರುವವರಿಗೆ ಸೀಸನ್ ಟಿಕೆಟ್‌ನಲ್ಲಿ ಅರ್ಧ ರಿಯಾಯಿತಿಯೂ ಇದೆ. ಇದು ಗೊತ್ತಿರುವವರು ಬಹಳ ಕಡಿಮೆ.

ಮಡಿ ಅಂತ ದೇವರ ಮನೆಗೆ ಬಿಡೋದಿಲ್ಲ. ನಮಾಜ್ ಮಾಡಬಹುದಾ ಅಂತ ಪಕ್ಕದ ಮನೆ ಚಾಚಾನೂ ಕೇಳಿದ್ರು.

ಬ್ಯಾಗ್ ಹಾಕಿಕೊಂಡೇ ಸ್ನಾನ ಮಾಡಬಹುದು, ತೆಗೆದೂ ಮಾಡಬಹುದು. ನೀರು ಒಳಗೆ ಹೋಗುವುದಿಲ್ಲ. ಸ್ನಾನ ಮಾಡಿ, ಬ್ಯಾಗ್ ಖಾಲಿ ಮಾಡಿ, ಇಷ್ಟಲಿಂಗ ಪೂಜೆಗೆ ಕೂರುವವರು, ಹುಲಿಗಿ ಅಮ್ಮನ ಹುಣ್ಣಿಮೆಗೆ ಹೋಗುವವರು, ಗವಿಮಠದ ಜಾತ್ರೆಯಲ್ಲಿ ತೇರು ನೋಡುವವರು ನನಗೇ ಗೊತ್ತಿದ್ದಾರೆ. ಎಲ್ಲರ ಹೊಟ್ಟೆಯೊಳಗೂ ಇರುವುದು ನಮಗೆ ಹೊರಗಿದೆ, ಅಷ್ಟೆ. ಮನೆಯವರು ಬಿಡುವುದಿಲ್ಲ ಅಂದರೆ ಅದು ದೇವರ ಮಾತಲ್ಲ, ಮನೆಯವರ ಮಾತು.

ಮೂತ್ರ ನಿಲ್ಲದೆ ಹರಿಯುವವರಿಗೆ ಇಸ್ಲಾಂನಲ್ಲಿ ರಿಯಾಯಿತಿ ಇದೆ. ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ವುಜೂ (ಕೈ, ಮುಖ, ಕಾಲು ತೊಳೆಯುವುದು) ಮಾಡಿ ಓದುತ್ತಾರೆ. ಮಿಕ್ಕ ವಿವರ ಮೌಲಾನಾ ಹತ್ತಿರ ಕೇಳಿ. ರೋಜಾ (ಉಪವಾಸ) ಹಿಡಿಯುವ ವಿಷಯ ಮಾತ್ರ ಡಾಕ್ಟರನ್ನೂ ಕೇಳಲೇಬೇಕು, ಅದು ನೀರಿನ ಪ್ರಶ್ನೆ.

ಹೇಳಾಕ ನಾಚಿಕಿ ಆಗತೈತಿ ಅಣ್ಣಾ. ಗಂಡ–ಹೆಂಡ್ತಿ ಸಂಬಂಧ?

ಇದು ಫೋನಿನ ಕೊನೆಯಲ್ಲೇ ಬರುವ ಪ್ರಶ್ನೆ. ಸಂಬಂಧದಿಂದ ಸ್ಟೋಮಾಗೆ ಏನೂ ಆಗುವುದಿಲ್ಲ. ಗಾಯ ವಾಸಿಯಾದ ಮೇಲೆ ಡಾಕ್ಟರ್ ಒಪ್ಪಿಗೆ ಕೊಟ್ಟರೆ ಅಡ್ಡಿಯಿಲ್ಲ. ಮೊದಲು ಬ್ಯಾಗ್ ಖಾಲಿ ಮಾಡಿ, ಸೊಂಟಕ್ಕೆ ಬಟ್ಟೆ ಸುತ್ತಿಕೊಳ್ಳಿ. ಆದರೆ ಮೂತ್ರಕೋಶ ತೆಗೆಯುವಾಗ ಪಕ್ಕದ ನರಗಳಿಗೆ ಪೆಟ್ಟಾಗಿ ಅನೇಕ ಗಂಡಸರಿಗೆ ನಿಮಿರುವುದು ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಪ್ರಾಸ್ಟೇಟ್ ತೆಗೆದಿದ್ದರೆ ವೀರ್ಯ ಬರುವುದಿಲ್ಲ. ಹೆಂಗಸರಿಗೆ ಯೋನಿಯ ಒಂದು ಭಾಗ ತೆಗೆದಿದ್ದರೆ ನೋವು, ಒಣಗುವಿಕೆ ಇರಬಹುದು. ಇವಕ್ಕೆಲ್ಲಾ ಯೂರಾಲಜಿಯಲ್ಲಿ ಚಿಕಿತ್ಸೆ ಇದೆ. ಡಾಕ್ಟರ್ ತಾವಾಗಿ ಕೇಳುವುದಿಲ್ಲ, ನೀವೇ ಬಾಯಿ ಬಿಡಬೇಕು. ಹೆದ್ದಾರಿಯ ಗೋಡೆ ಮೇಲೆ ಬರೆದ ‘ಗುಪ್ತ ರೋಗ’ದ ಔಷಧಿಗೆ ದುಡ್ಡು ಸುರಿಯಬೇಡಿ. ಕಿಡ್ನಿಗೂ ಅದು ಒಳ್ಳೆಯದಲ್ಲ.

## ಸ್ವಲ್ಪ ಹಳಬರಾದವರ ಪ್ರಶ್ನೆಗಳು

ಯೂರಿನ್ ಟೆಸ್ಟ್ ಮಾಡಿಸಿದಾಗೆಲ್ಲಾ ಇನ್ಫೆಕ್ಷನ್ ಅಂತಾರೆ, ಆ್ಯಂಟಿಬಯೋಟಿಕ್ ಕೊಡ್ತಾರೆ. ಜ್ವರ ಏನೂ ಇಲ್ಲ.

ಸ್ಯಾಂಪಲ್ ಎಲ್ಲಿಂದ ತೆಗೆದರು? ಬ್ಯಾಗಿನ ನಳದಿಂದ ಹಿಡಿದಿದ್ದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಬ್ಯಾಗಿನಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಸರಿಯಾದ ಕ್ರಮ: ಬ್ಯಾಗ್ ತೆಗೆದು, ಸ್ಟೋಮಾ ಶುಚಿ ಮಾಡಿ, ಕ್ಯಾಥೆಟರ್ ಅನ್ನುವ ಸಣ್ಣ ಪೈಪು ಒಳಗೆ ಹಾಕಿ ಹಿಡಿಯುವುದು. ಲ್ಯಾಬಿನ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ನರ್ಸ್ ಅಥವಾ ಡಾಕ್ಟರ್ ಮಾಡಬೇಕು. ಇಷ್ಟು ಮಾಡಿದರೂ ಕರುಳಿನ ತುಂಡಿನಲ್ಲಿ ಬ್ಯಾಕ್ಟೀರಿಯಾ ಕಾಣಬಹುದು. ಜ್ವರ, ಚಳಿ, ಬೆನ್ನಿನ ಪಕ್ಕೆಯಲ್ಲಿ ನೋವು ಇದ್ದರೆ ಚಿಕಿತ್ಸೆ ಬೇಕೇ ಬೇಕು. ಏನೂ ಇಲ್ಲದೆ ರಿಪೋರ್ಟ್ ನೋಡಿ ಮಾತ್ರೆ ನುಂಗುತ್ತಾ ಹೋದರೆ, ನಿಜವಾಗಿ ಬೇಕಾದ ದಿನ ಆ ಮಾತ್ರೆ ಕೆಲಸ ಮಾಡುವುದಿಲ್ಲ.

ನೈಟ್ ಬ್ಯಾಗ್ ನೇರಳೆ ಬಣ್ಣಕ್ಕೆ ತಿರುಗಿದೆ! ಯಾರಾದ್ರೂ ಏನಾದ್ರೂ ಮಾಡಿಸಿದ್ರಾ?

ಮಾಟ ಏನಲ್ಲ. ಊಟದ ಪ್ರೋಟೀನಿನಿಂದ ಬಂದ ಒಂದು ವಸ್ತುವನ್ನು ಮೂತ್ರದಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ನೀಲಿ ಮತ್ತು ಕೆಂಪು ಬಣ್ಣವಾಗಿ ಬದಲಿಸುತ್ತವೆ. ಎರಡೂ ಪ್ಲಾಸ್ಟಿಕ್‌ಗೆ ಹತ್ತಿ ನೇರಳೆ ಕಾಣುತ್ತದೆ. ಮಲಬದ್ಧತೆ ಇರುವವರಲ್ಲಿ ಜಾಸ್ತಿ. ಚೀಲ ಬದಲಿಸಿ, ನೀರು ಕುಡಿಯಿರಿ, ಹೊಟ್ಟೆ ಸರಿ ಮಾಡಿಕೊಳ್ಳಿ, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಿ. ಜ್ವರ ಇದ್ದರೆ ಕಾಯದೆ ಹೋಗಿ.

ಎಲ್ಲಾ ಚೆನ್ನಾಗಿದೆ. ಆದರೂ ವರ್ಷ ವರ್ಷ ಯಾಕೆ ಚೆಕಪ್?

ಕಿಡ್ನಿ ಹಾಳಾಗುವಾಗ ನೋವು ಕೊಡುವುದಿಲ್ಲ, ಅದಕ್ಕೆ. ನಾಳ ಹೊಲಿದ ಜಾಗ ಕಿರಿದಾಗಿ ಮೂತ್ರ ಹಿಂದಕ್ಕೆ ನಿಂತರೆ ಸ್ಕ್ಯಾನಿನಲ್ಲೇ ಗೊತ್ತಾಗುವುದು. ಹೊಟ್ಟೆಯ ಸ್ಕ್ಯಾನ್, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಬೈಕಾರ್ಬೊನೇಟ್, ವರ್ಷಕ್ಕೊಮ್ಮೆ ವಿಟಮಿನ್ ಬಿ12, ಇವು ಮಾಮೂಲಿ. ಕರುಳಿನ ತುಂಡು ಮೂತ್ರದ ಆಮ್ಲವನ್ನು ಹೀರಿಕೊಳ್ಳುವುದರಿಂದ ಕೆಲವರಿಗೆ ಸುಸ್ತು, ಊಟ ಸೇರದಿರುವುದು ಆಗುತ್ತದೆ. ಗುಳಿಗೆಯಿಂದ ಅದು ಸರಿಹೋಗುತ್ತದೆ. ಬಿ12 ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ, ತುಂಡು ತೆಗೆಯುವುದೂ ಅದರ ಆಸುಪಾಸಿನಲ್ಲೇ. ಕ್ಯಾನ್ಸರ್ ಮರಳಿದೆಯಾ ನೋಡಲು ಬೇರೆ ಸ್ಕ್ಯಾನ್ ಇರುತ್ತದೆ. ಗಂಡಸರಿಗೆ ಮೂತ್ರ ಬರುತ್ತಿದ್ದ ಹಳೆ ದಾರಿಯಿಂದ ರಕ್ತ ಕಂಡರೆ ಒಂದೇ ಸಲ ಕಂಡರೂ ಹೇಳಿ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವ ಅಭ್ಯಾಸ ಬಿಡಿ.

ಯಾವಾಗ ಬೆಳಗಾಗೂ ತನಕ ಕಾಯಬಾರದು?

ನಾಲ್ಕೈದು ಗಂಟೆಯಿಂದ ಬ್ಯಾಗಿಗೆ ಒಂದು ಹನಿಯೂ ಬಂದಿಲ್ಲ ಅಂದಾಗ. ಸ್ಟೋಮಾ ನೇರಳೆ ಅಥವಾ ಕಪ್ಪಾದಾಗ. ಚಳಿ ಜ್ವರದ ಜೊತೆ ಪಕ್ಕೆ ನೋವಿದ್ದಾಗ. ರಕ್ತ ಒತ್ತಿ ಹಿಡಿದರೂ ನಿಲ್ಲದಿದ್ದಾಗ. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದ್ದಾಗ. 108ಕ್ಕೆ ಫೋನ್ ಮಾಡಿ.

ಆ್ಯಕ್ಸಿಡೆಂಟ್ ಏನಾದ್ರೂ ಆಗಿ ಗೊತ್ತಿಲ್ಲದ ಆಸ್ಪತ್ರೆಗೆ ಹಾಕಿದ್ರೆ ಅಲ್ಲಿಯವರಿಗೆ ಹೇಗೆ ತಿಳಿಯಬೇಕು?

ಒಳ್ಳೆ ಪ್ರಶ್ನೆ, ಕೇಳುವವರು ಕಡಿಮೆ. ಎಮರ್ಜೆನ್ಸಿಯಲ್ಲಿ ಎಲ್ಲರಿಗೂ ಹಾಕುವಂತೆ ಕೆಳಗಿನಿಂದ ಕ್ಯಾಥೆಟರ್ ಹಾಕಲು ನೋಡುತ್ತಾರೆ, ಒಳಗೆ ಮೂತ್ರಕೋಶವೇ ಇರುವುದಿಲ್ಲ. ಆಧಾರ್ ಕಾರ್ಡಿನ ಹಿಂದೆ ಒಂದು ಚೀಟಿ ಇಡಿ. ಹೀಗೆ ಬರೆಯಿರಿ: ‘ನನಗೆ ಮೂತ್ರಕೋಶ ಇಲ್ಲ. ಇಲಿಯಲ್ ಕಾಂಡ್ಯೂಟ್ ಆಗಿದೆ. ಕೆಳಗಿನಿಂದ ಕ್ಯಾಥೆಟರ್ ಹಾಕಬೇಡಿ. ಮೂತ್ರ ಹೊಟ್ಟೆಯ ಬ್ಯಾಗಿಗೆ ಬರುತ್ತದೆ, ಅದನ್ನು ಮುಚ್ಚಬೇಡಿ.’ ಕೆಳಗೆ ಆಪರೇಷನ್ ಮಾಡಿದ ಆಸ್ಪತ್ರೆ, ತಿಂಗಳು, ಮನೆಯವರ ನಂಬರ್, ರಕ್ತದ ಗುಂಪು, ಬ್ಯಾಗಿನ ಸೈಜ್. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಹೊರಗಿನ ನರ್ಸ್‌ಗಳೂ ಇರುತ್ತಾರೆ, ಅದನ್ನೇ ಇಂಗ್ಲಿಷಿನಲ್ಲೂ ಬರೆಸಿಡಿ. ಫೋನಿನಲ್ಲಿ ಫೋಟೋ ಇದೆ ಅಂತ ಸುಮ್ಮನಾಗಬೇಡಿ. ಫೋನು ಲಾಕ್ ಆಗಿರುತ್ತದೆ.